ಗೋಡೆಯಾಚೆಗೂ ಮನೆಯಿದೆ: ರಕ್ಷಣೆಗೆ ಕೈಬಂದೂಕು ಆರಿಸುವಾಗ ನೋಡಬೇಕಾದದ್ದು

ಮನೆಯೊಳಗೆ ಕೋಣೆಗಳನ್ನು ಬೇರ್ಪಡಿಸುವ ಜಿಪ್ಸಂ ಗೋಡೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಮರದ ಅಥವಾ ತಗಡಿನ ಚೌಕಟ್ಟು, ಅದರ ಎರಡೂ ಬದಿಗೆ ಸುಮಾರು 12.7 ಮಿಲಿಮೀಟರ್ ದಪ್ಪದ ಹಲಗೆ, ನಡುವೆ ಗಾಳಿ. ರಕ್ಷಣೆಗೆ ತಕ್ಕದ್ದು ಎನ್ನಿಸಿಕೊಂಡ ಯಾವ ಕೈಬಂದೂಕಿನ ಗುಂಡೇ ಆಗಲಿ, ಇಂಥ ಗೋಡೆಗಳನ್ನು ಸಾಲಾಗಿ ಹಲವನ್ನು ದಾಟಿ ಹೋಗುತ್ತದೆ. ಒಳಬಾಗಿಲಿನ ಟೊಳ್ಳು ಹಲಗೆ, ಕಿಟಕಿಯ ಗಾಜು, ಬಟ್ಟೆಯ ಬೀರು, ಸೋಫಾ ಯಾವುದೂ ಅದನ್ನು ನಿಲ್ಲಿಸುವುದಿಲ್ಲ. ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಬಹುಮಟ್ಟಿಗೆ ನಿಲ್ಲಿಸುತ್ತವೆ. ಆದರೆ ಓರೆಯಾಗಿ ತಾಗಿದ ಗುಂಡು ಅಲ್ಲಿಂದ ಜಾರಿ ಬೇರೆ ದಿಕ್ಕು ಹಿಡಿಯಬಹುದು, ಚೂರಾಗಿ ಹಿಂದಕ್ಕೂ ಸಿಡಿಯಬಹುದು.

ಪಕ್ಕಪಕ್ಕದಲ್ಲಿ ಮನೆಗಳಿರುವ ಕಡೆ ಬಂದೂಕಿನ ಆಯ್ಕೆ ಇಲ್ಲಿಂದಲೇ ಶುರುವಾಗಬೇಕು. ಗುರಿ ತಪ್ಪಿದ ಗುಂಡು ಮಗುವಿನ ಕೋಣೆಗೋ ಪಕ್ಕದ ಮನೆಯ ಹಜಾರಕ್ಕೋ ಹೋಗುತ್ತದೆ. ಹಾಗಾಗಿ ನಿಮ್ಮ ಕೈಗೆ ಪೂರ್ತಿ ಹಿಡಿತ ಸಿಗುವ, ಹೊಡೆದರೆ ಗುರಿಗೇ ತಾಗಿಸಬಲ್ಲ ಬಂದೂಕು ಯಾವುದೋ ಅದೇ ಸರಿಯಾದ ಬಂದೂಕು. ಗಾತ್ರ, ಬಲ, ಹೆಸರು ಎಲ್ಲ ಆಮೇಲಿನದು.

ಗೋಡೆ ದಾಟದ ಗುಂಡು ಏಕೆ ಸಿಗುವುದಿಲ್ಲ

"ಗೋಡೆ ದಾಟದ, ಆದರೆ ದಾಳಿಕೋರನನ್ನು ನಿಲ್ಲಿಸುವ ಗುಂಡು ಕೊಡಿ" ಎಂದು ಅಂಗಡಿಯಲ್ಲಿ ಕೇಳುವವರು ಬಹಳ. ಆ ಎರಡು ಗುಣಗಳು ಒಂದೇ ಗುಂಡಿನಲ್ಲಿ ಕೂಡಿ ಬರುವುದಿಲ್ಲ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಆ ದೇಶದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಸಿಬ್ಬಂದಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ದರೋಡೆಕೋರನೊಬ್ಬನಿಗೆ ತಾಗಿದ 9 ಎಂಎಂ ಗುಂಡು ತೋಳನ್ನು ದಾಟಿ ಎದೆಯೊಳಗೆ ಹೋಗಿ ಹೃದಯಕ್ಕೆ ಸ್ವಲ್ಪ ಮುಂಚೆ ನಿಂತುಬಿಟ್ಟಿತು. ಅವನು ಕಾಳಗ ಮುಂದುವರಿಸಿದ. ಆ ದಿನ ಇಬ್ಬರು ಅಧಿಕಾರಿಗಳು ಸತ್ತರು. ಅದಾದ ಮೇಲೆ ಎಫ್‌ಬಿಐ ಗುಂಡುಗಳನ್ನು ಅಳೆಯಲು ಒಂದು ಕಟ್ಟುನಿಟ್ಟಾದ ಪರೀಕ್ಷೆ ರೂಪಿಸಿತು. ಮಾಂಸಖಂಡದಷ್ಟೇ ತಡೆಯೊಡ್ಡುವ, ಶೇ. 10ರ ಹದದ ಜೆಲಟಿನ್ ಗಟ್ಟಿಗೆ ಗುಂಡು ಹೊಡೆಯುವುದು. ಬರಿಯ ಗಟ್ಟಿಗೆ, ದಪ್ಪ ಬಟ್ಟೆ ಹೊದಿಸಿ, ಉಕ್ಕಿನ ತಗಡು, ಜಿಪ್ಸಂ ಹಲಗೆ, ಪ್ಲೈವುಡ್, ಕಾರಿನ ಗಾಜು ಅಡ್ಡವಿಟ್ಟು. ಎಲ್ಲದರಲ್ಲೂ ಗುಂಡು 12ರಿಂದ 18 ಇಂಚು, ಅಂದರೆ ಸರಿಸುಮಾರು 30ರಿಂದ 45 ಸೆಂಟಿಮೀಟರ್ ಒಳಹೊಕ್ಕು ನಿಲ್ಲಬೇಕು.

ಜೆಲಟಿನ್‌ನಲ್ಲಿ 30 ಸೆಂಟಿಮೀಟರ್ ಹೋಗುವ ಗುಂಡಿಗೆ ಎರಡು ಜಿಪ್ಸಂ ಹಲಗೆ ಯಾವ ಲೆಕ್ಕ? ಮೊನೆಯಲ್ಲಿ ಕುಳಿಯಿರುವ ಗುಂಡು, ಅಂದರೆ ಹಾಲೋ ಪಾಯಿಂಟ್, ಮೈಗೆ ತಾಗಿದಾಗ ಅರಳಿ ಅಗಲವಾಗುತ್ತದೆ, ವೇಗ ಕಳೆದುಕೊಳ್ಳುತ್ತದೆ, ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ತಾಮ್ರದ ಕವಚವಿರುವ ಉರುಟು ಮೊನೆಯ ಅಭ್ಯಾಸದ ಗುಂಡು ಅರಳದೆ ಮೈಯನ್ನೂ ತೂರಿ ಹೋಗಿಬಿಡಬಹುದು. ಆದಕಾರಣ ಮನೆಯಲ್ಲಿ ತುಂಬಿಡಬೇಕಾದದ್ದು ಹಾಲೋ ಪಾಯಿಂಟ್. ಆದರೆ ಇದೇ ಗುಂಡು ಗುರಿ ತಪ್ಪಿ ಮೊದಲು ಗೋಡೆಗೆ ತಾಗಿದರೆ ಕುಳಿಯಲ್ಲಿ ಜಿಪ್ಸಂ ಪುಡಿ ತುಂಬಿಕೊಂಡು ಅದು ಅರಳದೆ ಹೋಗಬಹುದು. ಆಗ ಕವಚದ ಗುಂಡಿನಂತೆಯೇ ಮುಂದೆ ಸಾಗುತ್ತದೆ. ಅಂದರೆ ಹಾಲೋ ಪಾಯಿಂಟ್ ಕಾಪಾಡುವುದು ಗುರಿಗೆ ತಾಗಿದಾಗ ಮಾತ್ರ. ತಾಗಿದೊಡನೆ ಪುಡಿಯಾಗುವ ಗುಂಡುಗಳನ್ನೂ ಮಾರುತ್ತಾರೆ. ಅವುಗಳಲ್ಲಿ ಹಲವು ಮೈಯೊಳಗೆ ಸಾಕಷ್ಟು ಆಳಕ್ಕಿಳಿಯುವುದಿಲ್ಲ, ಕೆಲವು ಜಿಪ್ಸಂ ಹಲಗೆಯನ್ನು ಪುಡಿಯಾಗದೆ ದಾಟುತ್ತವೆ. ಆ ಭರವಸೆಯ ಮೇಲೆ ನೆರೆಮನೆಯವರ ಪ್ರಾಣವನ್ನು ಒಡ್ಡಬೇಡಿ.

ಬಂದೂಕು ಕೊಳ್ಳುವ ಮೊದಲೇ ಹಗಲಿನಲ್ಲಿ, ಬರಿಗೈಯಲ್ಲಿ, ಮನೆಯೆಲ್ಲ ಸುತ್ತಿ ನೋಡಿಕೊಳ್ಳಬೇಕಾದ ಕೆಲಸವೊಂದಿದೆ. ಯಾವ ಕೋಣೆಯಲ್ಲಿ ಮನೆಮಂದಿಯೆಲ್ಲ ಸೇರಿ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಕರೆ ಮಾಡಬಹುದು? ಆ ಕೋಣೆಯಿಂದ ಬಾಗಿಲ ಕಡೆ ನೋಡಿದರೆ ಹಿಂದೆ ಏನಿದೆ? ಇಟ್ಟಿಗೆಯ ಹೊರಗೋಡೆಯೋ, ಪುಸ್ತಕ ಒತ್ತಾಗಿ ತುಂಬಿದ ಕಪಾಟೋ, ಇಲ್ಲ ಬೀದಿಗೆ ತೆರೆದ ಗಾಜಿನ ಕಿಟಕಿಯೋ? ಕೋಣೆಯ ಯಾವ ಮೂಲೆಯಲ್ಲಿ ನಿಂತರೆ ಆ ಗೆರೆಯಲ್ಲಿ ಮಕ್ಕಳ ಕೋಣೆಯಾಗಲಿ ಪಕ್ಕದ ಮನೆಯಾಗಲಿ ಬರುವುದಿಲ್ಲ? ಕೆಲವು ಮನೆಗಳಲ್ಲಿ ಅಂಥ ಗೆರೆಯೇ ಸಿಗುವುದಿಲ್ಲ. ಸಿಗದಿದ್ದರೆ ಬಂದೂಕಿನ ಹಣವನ್ನು ಗಟ್ಟಿ ಬಾಗಿಲು, ಉದ್ದನೆಯ ತಿರುಪು ಹಾಕಿ ಬಿಗಿದ ಚಿಲಕ, ಹೊರಗಿನ ದೀಪ, ಎಚ್ಚರಗಂಟೆ ಇವುಗಳಿಗೆ ಹಾಕುವುದು ಹೆಚ್ಚು ಬುದ್ಧಿವಂತಿಕೆ. ಸಿಕ್ಕರೂ ಅವು ಮೊದಲು ಬೇಕು. ಬಾಗಿಲು ಒಂದೆರಡು ನಿಮಿಷ ತಡೆದರೆ ಬಂದೂಕು ಹೊರತೆಗೆಯುವ ಪ್ರಸಂಗವೇ ಬಾರದೆ ಹೋಗಬಹುದು.

ರಿವಾಲ್ವರ್ ಅಥವಾ ಪಿಸ್ತೂಲು

ರಿವಾಲ್ವರ್‌ನಲ್ಲಿ ಸುತ್ತುವ ಉರುಳೆಯೊಳಗೆ ಐದೋ ಆರೋ ಕಾಡತೂಸು ಕೂರುತ್ತವೆ. ಟ್ರಿಗರ್ ಎಳೆದಾಗ ಉರುಳೆ ತಿರುಗಿ ಸುತ್ತಿಗೆ ಬೀಳುತ್ತದೆ. ಒಂದು ಕಾಡತೂಸು ಸಿಡಿಯದಿದ್ದರೆ ಮತ್ತೆ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಉರುಳೆ ಹೊರಗೆಳೆದರೆ ಖಾಲಿಯೋ ತುಂಬಿದೆಯೋ ಕಣ್ಣಿಗೇ ಕಾಣುತ್ತದೆ. ಆಗೊಮ್ಮೆ ಈಗೊಮ್ಮೆ ಮಾತ್ರ ಅಭ್ಯಾಸ ಮಾಡುವವರಿಗೆ ಈ ಸರಳತೆ ದೊಡ್ಡದು. ಬೆಲೆ ತೆರುವುದು ಟ್ರಿಗರ್‌ನಲ್ಲಿ. ಸುತ್ತಿಗೆಯನ್ನು ಕೈಯಿಂದ ಎಳೆಯದೆ ಹೊಡೆಯಲು ಸುಮಾರು 4.5ರಿಂದ 5.5 ಕಿಲೋ ಎಳೆತ ಬೇಕು, ಅದೂ ಉದ್ದನೆಯ ಎಳೆತ. ಬೆರಳಿನಲ್ಲಿ ಬಲವಿಲ್ಲದವರು ಎಳೆಯುವಷ್ಟರಲ್ಲಿ ನಳಿಗೆ ಅತ್ತಿತ್ತ ವಾಲುತ್ತದೆ, ಗುಂಡು ಪಕ್ಕಕ್ಕೆ ಹೋಗುತ್ತದೆ. ರಿವಾಲ್ವರ್ ಕೆಡುವುದೇ ಇಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಕಾಡತೂಸು ಹೊರದಬ್ಬುವ ಕಡ್ಡಿ ಸಡಿಲಗೊಂಡರೆ, ಅದರ ನಕ್ಷತ್ರಾಕಾರದ ತುದಿಯಡಿ ಮದ್ದಿನ ಕರಿ ಕೂತರೆ ಉರುಳೆ ತಿರುಗದೆ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡದ್ದನ್ನು ಆ ಕ್ಷಣದಲ್ಲಿ ಬಿಡಿಸಲಾಗದು.

ಮಗ್ಗುಲು ಮೇಜಿನಲ್ಲಿಡಲು ಎಂದು ಬಹಳ ಮಂದಿಗೆ ಮಾರುವುದು 5 ಸೆಂಟಿಮೀಟರ್ ನಳಿಗೆಯ, 400 ಗ್ರಾಂ ಆಸುಪಾಸಿನ ಐದು ಗುಂಡಿನ ಪುಟ್ಟ ರಿವಾಲ್ವರ್. ಚಿಕ್ಕದು, ಆದ್ದರಿಂದ ಸುಲಭ ಎಂಬ ತರ್ಕ. ನಿಜದಲ್ಲಿ ಕಲಿಯುವವರಿಗೆ ಅದಕ್ಕಿಂತ ಕಷ್ಟದ ಕೈಬಂದೂಕು ಕಡಿಮೆ. ತೂಕ ಕಡಿಮೆಯಾದಷ್ಟೂ ಒದೆತ ಹೆಚ್ಚು, ಹಿಡಿಯಲ್ಲಿ ಕಿರುಬೆರಳಿಗೆ ಜಾಗವಿಲ್ಲ, ಹಿಂದು-ಮುಂದಿನ ಗುರಿಗುರುತುಗಳ ನಡುವೆ ಅಂತರವಿಲ್ಲದ್ದರಿಂದ ಕೂದಲೆಳೆಯ ತಪ್ಪೂ ಗುರಿಯಲ್ಲಿ ಗೇಣಾಗುತ್ತದೆ. ಅದು ಮೈಮೇಲೆ ಬಚ್ಚಿಟ್ಟು ಒಯ್ಯಲು ಮಾಡಿದ ಬಂದೂಕು. ಮನೆಯಲ್ಲಿ ಬಚ್ಚಿಡುವ ಅಗತ್ಯವೇ ಇಲ್ಲವಾದ್ದರಿಂದ 10 ಸೆಂಟಿಮೀಟರ್ ನಳಿಗೆಯ, ಉಕ್ಕಿನ ಮೈಯ, ಕಿಲೋ ಹತ್ತಿರದ ಆರು ಗುಂಡಿನ ರಿವಾಲ್ವರ್ ಎಷ್ಟೋ ಮೇಲು. ಪಿಸ್ತೂಲಿಗೂ ಇದೇ ಮಾತು.

ಪಿಸ್ತೂಲಿನಲ್ಲಿ ಹಿಡಿಯೊಳಗೆ ಮ್ಯಾಗಜಿನ್, ಅಂದರೆ ಕಾಡತೂಸು ತುಂಬುವ ಡಬ್ಬಿ, ಸೇರುತ್ತದೆ. ಮೇಲಿನ ಸ್ಲೈಡ್ ಹಿಂದೆ ಸರಿದು ಖಾಲಿ ಚಿಪ್ಪನ್ನು ಹೊರಗೆಸೆದು ಮುಂದೆ ಬರುವಾಗ ಹೊಸ ಕಾಡತೂಸನ್ನು ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ಅದು ಕೂರುವ ಗೂಡಿಗೆ, ತಳ್ಳುತ್ತದೆ. ಮಧ್ಯಮ ಗಾತ್ರದ 9 ಎಂಎಂ ಪಿಸ್ತೂಲುಗಳಲ್ಲಿ ಹೆಚ್ಚಿನವು 15 ಅಥವಾ 17 ಗುಂಡು ಹಿಡಿಯುತ್ತವೆ. ಕೆಲವು ಕಡೆ ಕಾನೂನು 10ಕ್ಕೆ ಮಿತಿ ಹಾಕುತ್ತದೆ. ಈಗ ಹೆಚ್ಚು ಮಾರಾಟವಾಗುವ, ಹೊರಗೆ ಸುತ್ತಿಗೆಯಿಲ್ಲದ ಬಗೆಯಲ್ಲಿ ಟ್ರಿಗರ್ ಎಳೆತ ಸುಮಾರು 2.5 ಕಿಲೋ, ಪ್ರತಿ ಸಲವೂ ಒಂದೇ ಸಮ. ಕಲಿಯಲು ಇದು ಅನುಕೂಲ. ಎಚ್ಚರ ತಪ್ಪಿದರೆ ಇದೇ ಅಪಾಯ. ಈ ಬಗೆಯ ಹಲವು ಪಿಸ್ತೂಲುಗಳಲ್ಲಿ ಬೇರೆ ಸೇಫ್ಟಿ ಗುಂಡಿಯೇ ಇರುವುದಿಲ್ಲ. ಬೆರಳು ಟ್ರಿಗರ್ ಮೇಲೆ ಬಂದರೆ ಗುಂಡು ಹಾರಿತೆಂದೇ ಲೆಕ್ಕ.

ಪಿಸ್ತೂಲು ಇಟ್ಟುಕೊಂಡವರು ಮಾಡುವ ಅತಿ ಘೋರ ತಪ್ಪು ಖಾಲಿ ಮಾಡುವ ಕ್ರಮದಲ್ಲಿ ನಡೆಯುತ್ತದೆ. ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ. ಇದನ್ನು ತಿರುಗಿಸಿದರೆ, ಸ್ಲೈಡ್ ಎಳೆದಾಗ ಒಂದು ಕಾಡತೂಸು ಹೊರಬಿದ್ದರೂ ಮುಂದೆ ಬರುವ ಸ್ಲೈಡ್ ಮ್ಯಾಗಜಿನ್‌ನಿಂದ ಇನ್ನೊಂದನ್ನು ಒಳಗೆ ತಳ್ಳಿರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು "ಖಾಲಿ" ಎಂದುಕೊಂಡು ಟ್ರಿಗರ್ ಒತ್ತುತ್ತಾರೆ. ಬಿಚ್ಚಿ ಒರೆಸಲು ಮೊದಲು ಟ್ರಿಗರ್ ಎಳೆಯಲೇಬೇಕಾದ ಪಿಸ್ತೂಲುಗಳೂ ಇವೆ. ಅವುಗಳಲ್ಲಿ ಈ ತಪ್ಪು ಪ್ರಾಣ ತೆಗೆದಿದೆ. ಮ್ಯಾಗಜಿನ್ ತೆಗೆದು, ಸ್ಲೈಡ್ ಮೂರು ಸಲ ಎಳೆದು, ಹಿಂದಕ್ಕೆ ಸಿಕ್ಕಿಸಿ, ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ.

ಎಷ್ಟು ಬಲದ ಗುಂಡು

ಎಫ್‌ಬಿಐ ಮಯಾಮಿಯ ನಂತರ ದೊಡ್ಡ ಗುಂಡುಗಳ ಕಡೆ ಹೋಗಿ, ಮೊದಲು 10 ಎಂಎಂ, ಆಮೇಲೆ .40 ಕ್ಯಾಲಿಬರ್ (ಗುಂಡಿನ ಅಡ್ಡಳತೆ, ಸರಿಸುಮಾರು ಇಂಚಿನಲ್ಲಿ) ಬಳಸಿ, 2010ರ ದಶಕದ ಮಧ್ಯದಲ್ಲಿ 9 ಎಂಎಂಗೇ ಮರಳಿತು. ಅಷ್ಟರಲ್ಲಿ ಹಾಲೋ ಪಾಯಿಂಟ್‌ಗಳ ತಯಾರಿಕೆ ಸುಧಾರಿಸಿ ಗಾಯದ ಪರಿಣಾಮದಲ್ಲಿ ಇವುಗಳ ನಡುವೆ ಹೇಳಿಕೊಳ್ಳುವ ಅಂತರ ಉಳಿದಿರಲಿಲ್ಲ. 9 ಎಂಎಂನಲ್ಲಿ ಹೆಚ್ಚಿನವರ ಗುರಿಯೂ ವೇಗವೂ ಉತ್ತಮವಾಗಿತ್ತು. ಮನೆಯವರಿಗೂ ಇದೇ ಲೆಕ್ಕ ಸರಿ. ಅಭ್ಯಾಸದ ಕಾಡತೂಸು ಅಗ್ಗವಾಗಿ ಸಿಗುವುದೂ 9 ಎಂಎಂಗೇ, ಅಭ್ಯಾಸವೇ ಇಲ್ಲಿ ಎಲ್ಲ. 9 ಎಂಎಂ ಗುಂಡು 115, 124, 147 ಗ್ರೇನ್ ತೂಕಗಳಲ್ಲಿ ಬರುತ್ತದೆ, ಅಂದರೆ ಸುಮಾರು 7.5, 8, 9.5 ಗ್ರಾಂ.

ರಿವಾಲ್ವರ್‌ನಲ್ಲಿ .38 ಸ್ಪೆಷಲ್ ಸಾಕು. .357 ಮ್ಯಾಗ್ನಂ ಎಂದು ಬರೆದ ರಿವಾಲ್ವರ್‌ನಲ್ಲಿ .38 ಸ್ಪೆಷಲ್ ಹಾಕಿ ಹೊಡೆಯಬಹುದು, ತಿರುಗಾಮುರುಗಾ ಆಗದು. ಹಾಗಾಗಿ .357ರ ಭಾರವಾದ ರಿವಾಲ್ವರ್ ಕೊಂಡು .38 ತುಂಬಿಡುವುದು ಒಳ್ಳೆಯ ಉಪಾಯ, ಒದೆತ ಮೆತ್ತಗಾಗುತ್ತದೆ. ಮ್ಯಾಗ್ನಂ ಕಾಡತೂಸನ್ನು ಕೋಣೆಯೊಳಗೆ ಹೊಡೆದರೆ ಬೆಂಕಿಯ ಝಳಕ್ಕೆ ಕತ್ತಲಿಗೆ ಹೊಂದಿದ ಕಣ್ಣು ಮಂಕಾಗುತ್ತದೆ. ಸದ್ದಂತೂ ಎಲ್ಲ ಕೈಬಂದೂಕುಗಳಲ್ಲೂ ಕಿವಿಗೆ ಹಾನಿಯೇ: 140 ಡೆಸಿಬೆಲ್ ಮೀರಿದ ಸಿಡಿತದ ಸದ್ದು ಒಂದೇ ಸಲಕ್ಕೆ ಶ್ರವಣಶಕ್ತಿಗೆ ಪೆಟ್ಟು ಕೊಡಬಲ್ಲದು, ಕೈಬಂದೂಕಿನದು ಸಾಮಾನ್ಯವಾಗಿ 155ರಿಂದ 165. .45 ಕ್ಯಾಲಿಬರ್ ಒಳ್ಳೆಯದೇ. ಆದರೆ ಒದೆತ ಹೆಚ್ಚು, ಗುಂಡುಗಳ ಸಂಖ್ಯೆ ಕಡಿಮೆ. ಕೈಯಲ್ಲಿ ಬಲ ಕುಂದಿದವರು, ಸಂಧಿವಾತ ಇರುವವರು .380ರ ಮೆತ್ತನೆಯ ಸ್ಪ್ರಿಂಗಿನ ಪಿಸ್ತೂಲು ನೋಡಬಹುದು. .22 ಕೊನೆಯ ಆಯ್ಕೆ: ಸಿಡಿಮದ್ದು ಚಿಪ್ಪಿನ ಅಂಚಿನಲ್ಲಿರುವ ಆ ಕಾಡತೂಸು ಸಿಡಿಯದೆ ಉಳಿಯುವ ಸಂಭವ ಉಳಿದವುಗಳಿಗಿಂತ ಹೆಚ್ಚು.

ಕೈಗೆ ಹೊಂದುತ್ತದೆಯೇ

ಚಪ್ಪಲಿಯಂತೆ ಇದೂ ಹಾಕಿಕೊಳ್ಳುವವರ ಅಳತೆಗೇ ಇರಬೇಕು. ಖಾಲಿ ಎಂದು ಖಾತ್ರಿ ಮಾಡಿಕೊಂಡ ಬಂದೂಕನ್ನು, ನಳಿಗೆಯ ಬಾಯಿ ಗಟ್ಟಿ ಗೋಡೆಯ ಕಡೆ ಇರುವಂತೆ ಹಿಡಿಯಿರಿ. ಹೆಬ್ಬೆರಳು-ತೋರುಬೆರಳಿನ ನಡುವಿನ ಕವಲು ಹಿಡಿಯ ಮೇಲ್ತುದಿಗೆ ತಾಗಿ, ನಳಿಗೆ ಮೊಣಕೈಯೊಂದಿಗೆ ನೇರ ಗೆರೆಯಲ್ಲಿ ಬರಬೇಕು. ಹಾಗೆ ಹಿಡಿದಾಗಲೇ ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತೆ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ಬೆರಳು ಎಟುಕಲೆಂದು ಹಿಡಿತವನ್ನು ಪಕ್ಕಕ್ಕೆ ತಿರುಗಿಸಬೇಕಾಯಿತೇ? ಆ ಬಂದೂಕು ದೊಡ್ಡದಾಯಿತು: ಒದೆತ ಹೆಬ್ಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಕೆಲವು ಪಿಸ್ತೂಲುಗಳ ಹಿಡಿಯ ಬೆನ್ನಿಗೆ ಬೇರೆಬೇರೆ ದಪ್ಪದ ಪಟ್ಟಿಗಳು ಬರುತ್ತವೆ, ಬದಲಿಸಿ ನೋಡಿ.

ಸ್ಲೈಡ್ ಎಳೆಯಲಾಗದ ಪಿಸ್ತೂಲು ನಿಮ್ಮದಲ್ಲ. ಹಾಗೆಂದು ಒಂದೇ ಸಲಕ್ಕೆ ಸೋಲೊಪ್ಪಬೇಡಿ: ಸ್ಲೈಡನ್ನು ಅಂಗೈಯಿಂದ ಪೂರ್ತಿ ಹಿಡಿದು ಎದೆಯ ಹತ್ತಿರ ತಂದು, ಸ್ಲೈಡನ್ನು ಹಿಂದಕ್ಕೆ ಎಳೆಯುವುದಕ್ಕಿಂತ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಬಹುಮಂದಿಗೆ ಬರುತ್ತದೆ. ಇದನ್ನು ಸತತ ಹತ್ತು ಸಲ ಮಾಡಲು ಆಗಬೇಕು. ಮ್ಯಾಗಜಿನ್‌ಗೆ ಕಾಡತೂಸು ತುಂಬಿ ನೋಡಿ. ಕೊನೆಯ ಒಂದೆರಡಕ್ಕೆ ಹೆಬ್ಬೆರಳಿನ ಬಲ ಸಾಲದೆ ಹೋಗುತ್ತದೆ, ಅದಕ್ಕೆ ತುಂಬುವ ಸಣ್ಣ ಸಾಧನ ಸಿಗುತ್ತದೆ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಚಿಕ್ಕ ಕೈಯವರ ಅಳತೆಗೆ ಆರಿಸಿ. ಇವೆಲ್ಲ ಆದ ಮೇಲೆ, ಬಾಡಿಗೆಗೆ ಬಂದೂಕು ಸಿಗುವ ಫೈರಿಂಗ್ ರೇಂಜ್ ಇದ್ದರೆ ಎರಡು ಮೂರು ಮಾದರಿಗಳಲ್ಲಿ ತಲಾ 50 ಗುಂಡು ಹೊಡೆದು ನೋಡಿ. ಏಳು ಮೀಟರಿನಿಂದ ಅಂಗೈಯಗಲದ ಜಾಗದಲ್ಲಿ ಯಾವುದು ಗುಂಡುಗಳನ್ನು ಕೂಡಿಸುತ್ತದೋ, ಬ್ರ್ಯಾಂಡ್ ಯಾವುದಾದರೂ ಅದನ್ನೇ ಕೊಳ್ಳಿ.

ತಂದ ಮೇಲೆ ಸುಮಾರು 200 ಅಭ್ಯಾಸದ ಕಾಡತೂಸು, ಆಮೇಲೆ ಮನೆಯಲ್ಲಿಡುವ ಹಾಲೋ ಪಾಯಿಂಟ್‌ನಿಂದಲೇ 50 ಹೊಡೆದು ನೋಡಬೇಕು. ಹಾಲೋ ಪಾಯಿಂಟ್‌ನ ಮೊನೆಯ ಆಕಾರ ಬೇರೆಯಾದ್ದರಿಂದ ಉರುಟು ಗುಂಡನ್ನು ಸರಾಗ ನುಂಗಿದ ಪಿಸ್ತೂಲು ಇದನ್ನು ಚೇಂಬರಿನ ಬಾಯಲ್ಲಿ ಸಿಕ್ಕಿಸಿಕೊಳ್ಳಬಹುದು. ಖಾಲಿ ಚಿಪ್ಪು ಪೂರ್ತಿ ಹಾರದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತರೆ ಬಹಳ ಸಲ ತಪ್ಪು ಮಣಿಕಟ್ಟಿನದು: ಮಣಿಕಟ್ಟು ಸಡಿಲವಿದ್ದರೆ ಇಡೀ ಪಿಸ್ತೂಲೇ ಹಿಂದಕ್ಕೆ ಬಂದು ಸ್ಲೈಡಿಗೆ ಬೇಕಾದ ಬಲ ಉಳಿಯುವುದಿಲ್ಲ. ಮ್ಯಾಗಜಿನ್‌ನ ಬುಡವನ್ನು ಅಂಗೈಯಿಂದ ಗುದ್ದಿ, ಸ್ಲೈಡನ್ನು ಜೋರಾಗಿ ಎಳೆದು ಬಿಟ್ಟರೆ ಸಾಮಾನ್ಯ ತೊಡಕುಗಳು ಬಿಡುತ್ತವೆ. ಚೇಂಬರಿನಲ್ಲೊಂದು ಇರುವಾಗಲೇ ಇನ್ನೊಂದು ಬಂದು ಕಚ್ಚಿಕೊಂಡರೆ ಮ್ಯಾಗಜಿನ್ ಕಿತ್ತು, ಸ್ಲೈಡ್ ಎರಡು ಮೂರು ಸಲ ಎಳೆದು, ಮತ್ತೆ ತುಂಬಬೇಕು. ಒಂದೇ ಮ್ಯಾಗಜಿನ್‌ನಲ್ಲಿ ತೊಡಕು ಮರಳಿ ಮರಳಿ ಬಂದರೆ ಆ ಮ್ಯಾಗಜಿನ್ ಎಸೆಯಿರಿ. ಗುರುತು ಸಿಗಲು ಬುಡದಲ್ಲಿ ಅಂಕೆ ಬರೆದಿಟ್ಟಿರಿ.

ಇನ್ನೊಂದು ಸೂಕ್ಷ್ಮವಿದೆ. ದಿನವೂ ಪಿಸ್ತೂಲು ಖಾಲಿ ಮಾಡಿ ತುಂಬುವವರು ಅದೇ ಮೇಲಿನ ಕಾಡತೂಸನ್ನು ಪ್ರತಿ ಸಲ ಚೇಂಬರಿಗೆ ತಳ್ಳುತ್ತಾರೆ. ಮೊನೆ ಬಡಿದು ಬಡಿದು ಗುಂಡು ಚಿಪ್ಪಿನೊಳಕ್ಕೆ ಕುಸಿಯುತ್ತದೆ, ಒಳಗಿನ ಜಾಗ ಕಿರಿದಾಗಿ ಸಿಡಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೊಸ ಕಾಡತೂಸಿನ ಪಕ್ಕ ನಿಲ್ಲಿಸಿ ನೋಡಿ, ಕುಳ್ಳಗಾಗಿದ್ದರೆ ಬಳಸಬೇಡಿ.

ದೀಪ, ಬೀಗ, ಮನೆಮಂದಿ

ಯಾರೆಂದು ಕಾಣದ ಆಕೃತಿಯ ಮೇಲೆ ಗುಂಡು ಹಾರಿಸಿ ತಮ್ಮದೇ ಮನೆಯವರನ್ನು ಕೊಂದ ಘಟನೆಗಳು ಮತ್ತೆ ಮತ್ತೆ ಆಗಿವೆ: ತಡವಾಗಿ ಬಂದ ಮಗ, ನೀರು ಕುಡಿಯಲು ಎದ್ದ ಹೆಂಡತಿ. ಹಾಗಾಗಿ ಬೆಳಕು ಬಂದೂಕಿನಷ್ಟೇ ಮುಖ್ಯ. ನಳಿಗೆಯ ಕೆಳಗೆ ಜೋಡಿಸುವ ದೀಪ ಎರಡು ಕೈಯ ಹಿಡಿತ ಉಳಿಸುತ್ತದೆ, ಆದರೆ ಬೆಳಕು ಬೀರಿದಲ್ಲೆಲ್ಲ ನಳಿಗೆಯ ಬಾಯಿಯೂ ತಿರುಗುತ್ತದೆ. ಹುಡುಕಲು, ಗುರುತಿಸಲು ಕೈಯಲ್ಲಿ ಬೇರೆ ಟಾರ್ಚ್ ಇರಲೇಬೇಕು. ಮನೆಯ ಗೋಡೆಯ ಸ್ವಿಚ್ಚೂ ದೀಪವೇ; ಜತೆಗೆ ಗಟ್ಟಿಯಾಗಿ "ಯಾರು?" ಎಂದು ಕೂಗುವುದಕ್ಕೆ ಯಾವ ಸಾಧನವೂ ಬೇಕಿಲ್ಲ.

ಬಳಸುವ ಹೊತ್ತನ್ನು ಬಿಟ್ಟು ಉಳಿದೆಲ್ಲ ಹೊತ್ತು ಬಂದೂಕು ಬೀಗದೊಳಗಿರಬೇಕು. ದಿಂಬಿನಡಿ, ಬಟ್ಟೆಯ ನಡುವೆ, ಬೀರುವಿನ ಮೇಲೆ ಎಂಬ ಜಾಗಗಳೆಲ್ಲ ಮಕ್ಕಳಿಗೆ ಗೊತ್ತಿರುತ್ತವೆ. ಗುಂಡಿ ಒತ್ತಿ ತೆರೆಯುವ, ಉಕ್ಕಿನ, ಚಿಕ್ಕ ಪೆಟ್ಟಿಗೆಯನ್ನು ನೆಲಕ್ಕೋ ಮಂಚದ ಚೌಕಟ್ಟಿಗೋ ಬೋಲ್ಟ್ ಹಾಕಿ ಬಿಗಿಯಬೇಕು; ಬಿಗಿಯದ ಪೆಟ್ಟಿಗೆಯನ್ನು ಕಳ್ಳ ಹಾಗೇ ಹೊತ್ತೊಯ್ಯುತ್ತಾನೆ. ಬೆರಳಚ್ಚಿನ ಬೀಗ ಒದ್ದೆ ಬೆರಳಿಗೆ, ಗಾಯದ ಬೆರಳಿಗೆ ತೆರೆಯದೆ ಹೋಗುತ್ತದೆ, ಆದ್ದರಿಂದ ಗುಂಡಿಗಳೂ ಇರುವುದನ್ನು ಕೊಳ್ಳಿ. ಬ್ಯಾಟರಿಯನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಿ. ತುರ್ತಿನ ಕೀಲಿಕೈ ಅದೇ ಕೋಣೆಯ ಮೇಜಿನಲ್ಲಿದ್ದರೆ ಬೀಗವಿದ್ದೂ ಇಲ್ಲದಂತೆ. ಕತ್ತಲೆಯಲ್ಲಿ, ಬಂದೂಕು ಖಾಲಿ ಇಟ್ಟು, ಪೆಟ್ಟಿಗೆ ತೆರೆಯುವುದನ್ನು ಅಭ್ಯಾಸ ಮಾಡಿ. ಬಿಡಿ ಕಾಡತೂಸುಗಳಿಗೆ ಬೇರೆ ಬೀಗದ ಜಾಗ ಇರಲಿ.

ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಸಾಯುವ ಮಾತಾಡುತ್ತಿದ್ದರೆ, ಕುಡಿತ ಕೈಮೀರಿದ್ದರೆ, ಮನೆಯವರ ನಡುವೆಯೇ ಹೊಡೆದಾಟವಿದ್ದರೆ ಬಂದೂಕು ತರಬೇಡಿ. ಇದ್ದರೆ ಕಾನೂನು ಒಪ್ಪುವ ರೀತಿಯಲ್ಲಿ ಸ್ವಲ್ಪ ಕಾಲ ಮನೆಯ ಹೊರಗೆ ಒಪ್ಪಿಸಿ ಇಡಿ. ಆತ್ಮಹತ್ಯೆಯ ಯೋಚನೆಯ ತೀವ್ರ ಗಳಿಗೆ ಅನೇಕರಲ್ಲಿ ಬೇಗ ಕಳೆದುಹೋಗುತ್ತದೆ, ಆದರೆ ಆ ಗಳಿಗೆಯಲ್ಲಿ ಕೈಗೆ ಬಂದೂಕು ಸಿಕ್ಕರೆ ಬದುಕಿ ಉಳಿಯುವವರು ತೀರಾ ಕಡಿಮೆ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಹೊರಗಿನ ಕಳ್ಳನ ಲೆಕ್ಕ ಹಾಕುವವರು ಈ ಲೆಕ್ಕವನ್ನೂ ಹಾಕಲೇಬೇಕು.

ಪರವಾನಗಿ ಯಾರಿಗೆ, ಯಾವ ಕ್ಯಾಲಿಬರ್, ಎಷ್ಟು ಗುಂಡು, ಹಾಲೋ ಪಾಯಿಂಟ್‌ಗೆ ಒಪ್ಪಿಗೆಯಿದೆಯೇ, ಯಾವ ಸನ್ನಿವೇಶದಲ್ಲಿ ಗುಂಡು ಹಾರಿಸುವುದನ್ನು ಆತ್ಮರಕ್ಷಣೆ ಎನ್ನುತ್ತಾರೆ ಎಂಬುದೆಲ್ಲ ದೇಶದಿಂದ ದೇಶಕ್ಕೆ, ಒಂದೇ ದೇಶದ ರಾಜ್ಯಗಳ ನಡುವೆಯೂ ಬೇರೆ. ದುಡ್ಡು ಕೊಡುವ ಮುನ್ನ ಇದನ್ನು ಬರಹದಲ್ಲಿ ತಿಳಿದುಕೊಳ್ಳಿ. ಸ್ವತ್ತನ್ನು ಉಳಿಸಲು ಮಾತ್ರ ಪ್ರಾಣ ತೆಗೆಯುವುದನ್ನು ಹೆಚ್ಚಿನ ಕಾನೂನುಗಳು ಒಪ್ಪುವುದಿಲ್ಲ.

ಹಳೆಯದನ್ನು ಕೊಳ್ಳುವವರಿಗೆ ಕೊನೆಯದಾಗಿ ಕೆಲವು ಪರೀಕ್ಷೆಗಳು, ಎಲ್ಲವೂ ಬಂದೂಕು ಖಾಲಿ ಇರುವಾಗ. ರಿವಾಲ್ವರ್‌ನಲ್ಲಿ ಟ್ರಿಗರನ್ನು ಪೂರ್ತಿ ಎಳೆದು ಹಿಡಿದು ಉರುಳೆಯನ್ನು ಅಲುಗಿಸಿ. ಗಡಗಡನೆ ಆಡಿದರೆ ಗುಂಡು ನಳಿಗೆಗೆ ನೇರ ಹೋಗದೆ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಉರುಳೆ ಮತ್ತು ನಳಿಗೆಯ ನಡುವಿನ ಸಂದು 0.1ರಿಂದ 0.25 ಮಿಲಿಮೀಟರ್ ಇದ್ದರೆ ಸರಿ. ಸುತ್ತಿಗೆಯನ್ನು ಹಿಂದೆ ನಿಲ್ಲಿಸಿ ಹೆಬ್ಬೆರಳಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ, ಟ್ರಿಗರ್ ಮುಟ್ಟದೆ ಬಿದ್ದುಬಿಟ್ಟರೆ ವಾಪಸು ಕೊಡಿ. ಪಿಸ್ತೂಲಿನಲ್ಲಿ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಉಂಗುರದಂಥ ಕಪ್ಪು ನೆರಳು ಕಂಡರೆ ಒಮ್ಮೆ ಗುಂಡು ಒಳಗೆ ಸಿಕ್ಕಿ ಅದರ ಹಿಂದೆಯೇ ಇನ್ನೊಂದು ಹೊಡೆದು ನಳಿಗೆ ಉಬ್ಬಿದೆ ಎಂದರ್ಥ. ತೀರಾ ಹಳೆಯ ಮಾದರಿಗಳಲ್ಲಿ ಕೆಳಗೆ ಬಿದ್ದರೆ ಸಿಡಿಯದಂತೆ ತಡೆಯುವ ಭಾಗವೇ ಇರುವುದಿಲ್ಲ. ಚೇಂಬರಿನಲ್ಲಿ ಗುಂಡಿಟ್ಟುಕೊಂಡು ಮಂಚದ ಪಕ್ಕ ಇಡಲು ಅವು ತಕ್ಕವಲ್ಲ. ಟ್ರಿಗರನ್ನು ಹಗುರ ಮಾಡಿಸಲು ಹಿಂದಿನ ಒಡೆಯ ಅರ ಉಜ್ಜಿದ ಗುರುತು ಕಂಡರೆ, ಎಷ್ಟೇ ಅಗ್ಗವಾದರೂ ಬೇಡ. ತೀರಾ ಇಷ್ಟವಾಗಿದ್ದರೆ ತಿಳಿದ ಬಂದೂಕು ರಿಪೇರಿಯವರಿಂದ ಆ ಭಾಗಗಳನ್ನೆಲ್ಲ ಹೊಸದಾಗಿ ಹಾಕಿಸಿದ ಮೇಲಷ್ಟೇ ಮನೆಗೆ ತನ್ನಿ.